ಅಂಗಿಯಷ್ಟು ಮೈದಾನ

ಸೆಪ್ಟೆಂಬರ್ 3, ಮಂಗಳವಾರ

ಗಿರಾಕಿಗಳ ಅಳತೆ ಬರೆಯೋ ಪುಸ್ತಕವನ್ನ ಹಿಂದಿನಿಂದ ಶುರು ಮಾಡಿದ್ದೀನಿ. ಮುಂದಿನಿಂದ ಊರವರ ಎದೆ, ಸೊಂಟ, ತೋಳು. ಹಿಂದಿನಿಂದ ನನ್ನ ಗೋಳು. ಅತ್ತೆ ಎದುರಿಗೇ ಕೂತಿದ್ದಾರೆ, ಮೂರಡಿ ದೂರದಲ್ಲಿ. ಅವರಿಗೆ ಕಾಣಲ್ಲ, ಹಾಗಾಗಿ ಅವರ ಬಗ್ಗೆ ಅವರೆದುರೇ ಬರೀಬಹುದು. ಇದು ತಪ್ಪು ಅಂತ ಗೊತ್ತು. ಆದರೆ ಯಾರ ಹತ್ತಿರ ಹೇಳಿಕೊಳ್ಳಲಿ? ಇವರ ಹತ್ತಿರ ಬಾಯಿ ಬಿಟ್ಟರೆ "ಅಮ್ಮ ಅಲ್ವಾ, ಸ್ವಲ್ಪ ಸುಧಾರಿಸ್ಕೊಂಡು ಹೋಗು" ಅಂತ ಹೇಳಿ ಬಸ್ಸು ಓಡಿಸೋಕೆ ಹೊರಟುಬಿಡ್ತಾರೆ. ಇಡೀ ದಿನ ಸುಧಾರಿಸ್ಕೊಳ್ಳೋಳು ನಾನು.

"ಏನು ಬರೀತಿದ್ದೀಯ?" ಅಂದರು ಈಗ ತಾನೇ. ಪೆನ್ನಿನ ಸದ್ದು ಕೇಳುತ್ತಂತೆ.

"ಅಳತೆ" ಅಂದೆ.

"ಅಷ್ಟು ಉದ್ದದ ಮನುಷ್ಯ ಯಾರು?" ಅಂದರು.

ನೋಡಿ, ಹೀಗೆ.

ಅತ್ತೆ ಮೂವತ್ತೊಂದು ವರ್ಷ ಶಾಲೆಯಲ್ಲಿ ಆಟದ ಟೀಚರ್. ಫುಟ್‌ಬಾಲ್ ಅಂದರೆ ಪ್ರಾಣ. ರೆಫರಿಯಾಗಿ ಸೀಟಿ ಊದಿ ಊದಿ ಮಾತೂ ಸೀಟಿ ಥರವೇ ಆಗಿದೆ. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಹೋದ ವರ್ಷ ಒಂದು ಕಣ್ಣು ಹೋಯಿತು, ಈ ಏಪ್ರಿಲ್‌ನಲ್ಲಿ ಇನ್ನೊಂದು. ಈಗ ಲೈಟು ಉರೀತಿದೆಯೋ ಇಲ್ಲವೋ ಅನ್ನೋದಷ್ಟೇ ತಿಳಿಯೋದು. ಒಬ್ಬರೇ ಇದ್ದ ಮನೆ ಖಾಲಿ ಮಾಡಿ ನಮ್ಮಲ್ಲಿಗೆ ಬಂದರು. ಬಂದ ದಿನ ಹೊಸ್ತಿಲು ದಾಟಿದ್ದೇ ಕೊನೆ, ಮತ್ತೆ ಹೊರಗೆ ಕಾಲಿಟ್ಟಿಲ್ಲ. ಆಸ್ಪತ್ರೆಯವರು ಕೊಟ್ಟ ಬಿಳಿ ಕೋಲು ಬಾಗಿಲ ಹಿಂದೆ ಪ್ಲಾಸ್ಟಿಕ್ ಚೀಲದಲ್ಲೇ ನೇತಾಡ್ತಿದೆ. ನಡೆದಾಡದಿದ್ದರೆ ಕಾಲೂ ಬಿದ್ದುಹೋಗುತ್ತೆ ಅಂತ ಡಾಕ್ಟರು ಫೋನಿನಲ್ಲಿ ಎರಡು ಸಲ ಹೇಳಿದ್ದಾರೆ. "ಬೀಳಲಿ. ಕಾಲು ಇಟ್ಕೊಂಡು ಎಲ್ಲಿಗೆ ಹೋಗಬೇಕಾಗಿದೆ ನಾನು" ಅಂತಾರೆ.

ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಅವರಿಗೆ ಗಾಳಿ ಬರೋದೂ ಅಲ್ಲೇ. ಬೆಳಗಿನಿಂದ ಸಂಜೆ ತನಕ ನನ್ನ ಮಷೀನು, ಅವರ ಕುರ್ಚಿ. "ದಾರ ಎಳೀತಿದೆ, ಬಾಬಿನ್ ನೋಡು" ಅಂತಾರೆ. ನೋಡಿದರೆ ನಿಜವಾಗಿಯೂ ಎಳೀತಿರುತ್ತೆ. ನನಗೆ ಉರಿಯೋದೇ ಅದಕ್ಕೆ.

ಸೆಪ್ಟೆಂಬರ್ 8, ಭಾನುವಾರ

ಇವತ್ತು ನಮ್ಮೂರಿನ ಕೆಂಪು ತಂಡದ ಮ್ಯಾಚು. ಮುಂಚೆ ರೇಡಿಯೋದಲ್ಲಿ ನೇರವಾಗಿ ಹೇಳ್ತಿದ್ದರಂತೆ, ಈಗ ನಿಲ್ಲಿಸಿದ್ದಾರೆ. ಫೋನಿನಲ್ಲಿ ಬರುತ್ತೆ, ಆದರೆ ಮುಕ್ಕಾಲು ನಿಮಿಷ ತಡ. ಫೋನನ್ನು ಕಿವಿಗೆ ಒತ್ತಿಕೊಂಡು ಅತ್ತೆ ಕೂತಿದ್ದರು. ಫೋನಿನವನು ಇನ್ನೂ ಬಾಲು ಮಧ್ಯದಲ್ಲಿದೆ ಅಂತಿದ್ದ, ಮಹಡಿ ಮನೆಯವರು ಹೋ ಅಂತ ಕಿರುಚಿದರು, ತಲೆ ಮೇಲೆ ಕುರ್ಚಿಗಳು ದಡಬಡ ಅಂದವು.

"ಗೋಲಾಯ್ತು" ಅಂದರು ಅತ್ತೆ. "ಊರಿಗೆಲ್ಲ ಗೊತ್ತಾಯ್ತು. ನನ್ನ ಕಿವಿಗೆ ಇನ್ನೂ ಬರಬೇಕು."

ಬಂತು. ಫೋನಿನವನು ಗಂಟಲು ಹರಿಯೋ ಹಾಗೆ ಕೂಗಿದ. ಅತ್ತೆ ಮುಖ ಮಾತ್ರ ಕಲ್ಲು. "ಸತ್ತು ಮಣ್ಣಾದವರ ಸುದ್ದಿ ಆಮೇಲೆ ಕೇಳಿದ ಹಾಗೆ" ಅಂದರು.

ಟೀವಿ ಹಾಕಿದೆ. ಅಲ್ಲಿ ಇಬ್ಬರು ಕೂತು ಯಾರದೋ ಬೂಟಿನ ಬಣ್ಣದ ಬಗ್ಗೆ ಹರಟೆ ಹೊಡೀತಿದ್ದರು. ನಡುವೆ ಒಬ್ಬ "ಆಹಾ, ಇದನ್ನ ನೋಡಿ, ನೋಡಿ ಇದನ್ನ" ಅಂದ. "ಏನದು?" ಅಂದರು ಅತ್ತೆ. ನಾನೂ ಅಷ್ಟರಲ್ಲಿ ಸೂಜಿಗೆ ದಾರ ಪೋಣಿಸ್ತಿದ್ದೆ, ನೋಡಿರಲಿಲ್ಲ.

"ನೀನಾದ್ರೂ ಹೇಳು" ಅಂದರು.

"ಕೆಂಪು ಅಂಗಿಯವನು ಒದ್ದ."

"ಎಲ್ಲಿಗೆ?"

"ಮುಂದಕ್ಕೆ."

"ಮುಂದೆ ಅಂದ್ರೆ ಎಲ್ಲಿ?"

"ಟೀವಿಯ ಆ ಕಡೆಗೆ" ಅಂದೆ. ಮತ್ತೇನು ಹೇಳಲಿ? ಹುಟ್ಟಿದಾಗಿನಿಂದ ಒಂದು ಮ್ಯಾಚೂ ನೋಡಿದವಳಲ್ಲ. ಇಪ್ಪತ್ತೆರಡು ಜನರ ಅಂಗಿಯಲ್ಲಿ ಯಾರದು ಭುಜ ಸರಿಯಾಗಿ ಕೂತಿಲ್ಲ ಅಂತ ಕೇಳಿದ್ದರೆ ಪಟಪಟ ಹೇಳ್ತಿದ್ದೆ.

ಅತ್ತೆ ಟೀವಿ ಆರಿಸು ಅಂದರು. ಊಟಕ್ಕೆ ಏಳಲಿಲ್ಲ. ಇವರು ಬಂದು ಕರೆದರೂ ಏಳಲಿಲ್ಲ. ಒಂದು ಹೊತ್ತು ಬಿಟ್ಟರೆ ಏನೂ ಆಗಲ್ಲ ಅಂತ ನಾನು ತಟ್ಟೆ ತೊಳೆದಿಟ್ಟೆ. ಆಮೇಲೆ ಹಾಲು ಬಿಸಿ ಮಾಡಿ ಕೊಟ್ಟೆ. ಕುಡಿದರು, ಚೆನ್ನಾಗಿದೆ ಅಂತ ಒಂದು ಮಾತು ಬರಬೇಕಲ್ಲ.

ಸೆಪ್ಟೆಂಬರ್ 11, ಬುಧವಾರ

ತಂಡದ ಕಾರ್ಯದರ್ಶಿ ಮನೆಗೆ ಬಂದಿದ್ದರು. ಐವತ್ತು ದಾಟಿದ, ತಲೆ ಪೂರ್ತಿ ಬೋಳಾದ ಮನುಷ್ಯ. ಅತ್ತೆಯ ಹಳೇ ವಿದ್ಯಾರ್ಥಿ. ಅತ್ತೆ ಎದುರಿಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

ವಿಷಯ ಇಷ್ಟು. ಮೈದಾನದಲ್ಲಿ ಕಣ್ಣು ಕಾಣದವರಿಗೆ ಅಂತ ಮೊದಲ ಸಾಲಿನಲ್ಲಿ ಹನ್ನೆರಡು ಸೀಟು ತೆಗೆದಿಟ್ಟಿದ್ದಾರೆ. ಒಬ್ಬರು ಮೈಕು ಹಿಡಿದು ಆಟವನ್ನ ಹೇಳ್ತಾ ಹೋಗ್ತಾರೆ. ಚಿಕ್ಕದೊಂದು ಪೆಟ್ಟಿಗೆಯಿಂದ ಅದು ನೇರವಾಗಿ ಇವರ ಕಿವಿಗೆ ಬರುತ್ತೆ. ಇಂಟರ್ನೆಟ್ಟು, ಗಿಂಟರ್ನೆಟ್ಟು ಏನಿಲ್ಲ, ಒಂದು ಕ್ಷಣವೂ ತಡ ಇಲ್ಲ. ಆ ಪೆಟ್ಟಿಗೆಯನ್ನ ನಾಲ್ಕು ಮ್ಯಾಚಿನ ಮಟ್ಟಿಗೆ ರೇಡಿಯೋದವರು ಕೊಟ್ಟಿದ್ದಾರೆ. ನಾಲ್ಕು ಮುಗಿದ ಮೇಲೆ ಇದು ಬೇಕೋ ಬೇಡವೋ ಅಂತ ಸಮಿತಿ ತೀರ್ಮಾನಿಸುತ್ತೆ.

"ನೀವು ಬರಲೇಬೇಕು ಟೀಚರ್" ಅಂದರು.

"ಕುರುಡರ ಸಾಲಿನಲ್ಲಿ ಕೂರೋಕೆ ಬರಲ್ಲ ನಾನು."

"ಹಾಗಲ್ಲ ಟೀಚರ್..."

"ಹಾಗೇನೇ. ನಡಿ, ನಿನಗೆ ಕೆಲಸ ಇರುತ್ತೆ."

ಪಾಪ, ಬಿಸಿ ಚಹಾ ಗಟಗಟ ಕುಡಿದು ಎದ್ದರು. ನನಗಂತೂ ತಲೆ ಕೆಟ್ಟುಹೋಯಿತು. ಭಾನುವಾರ ಎರಡು ಗಂಟೆ ಮನೆ ನನ್ನದಾಗ್ತಿತ್ತಲ್ಲ ಅಂತ ಲೆಕ್ಕ ಹಾಕಿದ್ದೆ.

ಸಂಜೆ ಕಾಜ ಮಾಡ್ತಾ ಕೂತಿದ್ದಾಗ ಕೇಳಿದರು: "ಆ ಸೀಟು ಯಾವ ಕಡೆ ಅಂದ ಅವನು? ಬಿಸಿಲಿನ ಕಡೆಯೋ, ನೆರಳಿನ ಕಡೆಯೋ?"

ನೆರಳಿನ ಕಡೆ ಅಂದೆ. ಸುಳ್ಳು. ನನಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ 15, ಭಾನುವಾರ

ಬಿಸಿಲಿನ ಕಡೆಯೇ ಇತ್ತು. ಅತ್ತೆ ಮೈದಾನಕ್ಕೆ ಕಾಲಿಟ್ಟ ಕೂಡಲೇ ಮುಖ ಮೇಲೆತ್ತಿ "ನೆರಳು ಅಂದೆ?" ಅಂದರು. ಅಷ್ಟೇ. ಮುಂದೆ ಬೈಯಲಿಲ್ಲ. ಹುಲ್ಲಿನ ವಾಸನೆ ಮೂಗಿಗೆ ಬಡಿದಿತ್ತು, ಅದಕ್ಕೆ ಬಚಾವಾದೆ.

ಬಾಗಿಲಿನಿಂದ ಬಸ್ ನಿಲ್ದಾಣದ ತನಕ ನನ್ನ ಮೊಣಕೈ ಹಿಡಿದು ಬಂದರು. ಕೋಲು ಬೇಡವೇ ಬೇಡ ಅಂದರು. ಎಷ್ಟು ಗಟ್ಟಿಯಾಗಿ ಹಿಡಿದಿದ್ದರು ಅಂದರೆ ಇನ್ನೂ ನಾಲ್ಕು ಬೆರಳಿನ ಗುರುತಿದೆ.

ಮೈಕಿನಲ್ಲಿ ರೇಡಿಯೋದಿಂದ ನಿವೃತ್ತರಾದ ಹಿರಿಯರೊಬ್ಬರು. ಗಂಟಲು ಜೇನಿನಂಥದ್ದು, ಸುಳ್ಳು ಹೇಳಬಾರದು. ಆದರೆ ಹೇಳ್ತಿದ್ದದ್ದು? ಆಕಾಶ ತಿಳಿಯಾಗಿದೆ, ಜನಸಾಗರ ನೆರೆದಿದೆ, ಈ ಎರಡು ತಂಡಗಳ ನಡುವೆ ಇಪ್ಪತ್ತು ವರ್ಷದ ಹಗೆ ಇದೆ, ಇಂಥ ಒಂದು ಸಂಜೆಯಲ್ಲಿ ನನಗೆ ನೆನಪಾಗೋದು... ಅತ್ತೆ ಕಿವಿಯ ಸಾಧನವನ್ನ ಕಿತ್ತು ನನ್ನ ಮಡಿಲಿಗೆ ಹಾಕಿದರು. "ಈ ಭಾಷಣಪ್ಪನಿಗೆ ಬಾಲ್ ಎಲ್ಲಿದೆ ಅಂತ ಯಾರಾದ್ರೂ ಕೇಳಿ. ಮನೆಗೆ ಹೋಗೋಣ ನಡಿ. ಇನ್ನೊಂದು ಸಲ ಇದಕ್ಕೆ ಕರೀಬೇಡ ನನ್ನ."

ಅಷ್ಟು ದೂರ ಬಂದು ಹತ್ತು ನಿಮಿಷಕ್ಕೆ ವಾಪಸ್ ಹೋಗೋದಾ? ನನ್ನ ಕೈಯಂತೂ ನೋಯ್ತಿತ್ತು. ಕೂತುಕೊಳ್ಳಿ, ನಾನು ಹೇಳ್ತೀನಿ ಅಂತ ಅವರ ಕಿವಿಯ ಹತ್ತಿರ ಬಾಗಿ ತೋಚಿದ್ದು ಹೇಳ್ತಾ ಹೋದೆ. ಎಡಗಡೆ ಓಡ್ತಿದ್ದಾನೆ. ಬಿದ್ದ. ಇನ್ನೊಬ್ಬನಿಗೆ ಕೊಟ್ಟ.

ಪಕ್ಕದ ಸೀಟಿನವರು "ಸ್ವಲ್ಪ ಜೋರಾಗಿ ಹೇಳಿ ತಾಯಿ" ಅಂದರು. ಟೆಲಿಫೋನ್ ಆಪರೇಟರ್ ಅಂತೆ, ಹುಟ್ಟಿನಿಂದಲೇ ಕಣ್ಣಿಲ್ಲ. ಅವರೂ ಕಿವಿಯಿಂದ ತೆಗೆದಿಟ್ಟಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ಎಡ ಅಂದ್ರೆ ಯಾರ ಎಡ? ನಾನು ಮೈದಾನ ನೋಡಿದವನೇ ಅಲ್ಲ. ಜನ ಇಷ್ಟು ಕೂಗೋ ಜಾಗ ಎಷ್ಟು ದೊಡ್ಡದು, ಹೇಗಿದೆ ಅಂತಲೇ ನನಗೆ ಗೊತ್ತಿಲ್ಲ."

ಅತ್ತೆ ಅರವತ್ತು ವರ್ಷ ನೋಡಿದವರು, ಅವರ ತಲೆಯಲ್ಲಿ ಮೈದಾನ ಇದೆ. ಇವರಿಗೆ ಎಲ್ಲಿಂದ ತರಲಿ? ಆಪರೇಟರು ಹಾಕಿದ್ದ ಅಂಗಿ ಕಣ್ಣಿಗೆ ಬಿತ್ತು. ಒಳ್ಳೆ ಹೊಲಿಗೆ, ನನ್ನದಲ್ಲ.

"ನಿಮ್ಮ ಮೈಮೇಲಿನ ಅಂಗಿಯೇ ಮೈದಾನ ಅಂದ್ಕೊಳ್ಳಿ" ಅಂದೆ. "ಕೆಳಗಿನ ಅಂಚು ನಮ್ಮ ಗೋಲು. ಕಾಲರು ಅವರ ಗೋಲು. ನಾವು ಹೊಡೀಬೇಕಾಗಿರೋದು ಕಾಲರಿಗೆ. ಗುಂಡಿಗಳ ಸಾಲು ನಡು ದಾರಿ. ಎಡ ತೋಳು, ಬಲ ತೋಳು ಎರಡು ಅಂಚಿನ ದಾರಿ. ಭುಜದ ತುದಿ ಅಂದ್ರೆ ಮೂಲೆ. ಈಗ ಬಾಲು ನಿಮ್ಮ ಜೇಬಿನ ಹತ್ತಿರ ಇದೆ."

ಅವರ ಕೈ ತಾನಾಗಿ ಜೇಬಿನ ಮೇಲೆ ಬಂತು. ಮುಖದಲ್ಲಿ ಒಂದು ಥರ ನಗು. "ಓಹೋ. ಗೋಲಿಗೆ ಇಷ್ಟು ಹತ್ತಿರಾನಾ" ಅಂದರು.

ಅರ್ಧ ಆಟ ಮುಗಿಯೋ ಹೊತ್ತಿಗೆ ಆ ಸಾಲಿನ ಏಳೆಂಟು ಜನ ನನ್ನ ಕಡೆ ಕತ್ತು ಚಾಚಿದ್ದರು. ನನ್ನ ಗಂಟಲು ಹೋಗಿದೆ. ಯಾಕೆ ಬೇಕಿತ್ತು ನನಗೆ.

ಸೆಪ್ಟೆಂಬರ್ 16, ಸೋಮವಾರ

ಕಾರ್ಯದರ್ಶಿ ಫೋನ್ ಮಾಡಿ ಮುಂದಿನ ಮ್ಯಾಚಿಗೆ ಮೈಕು ನೀವೇ ಹಿಡೀಬೇಕು ಅಂದರು. ಆಗಲ್ಲ ಅಂದೆ. ಹತ್ತು ಜನರ ಮುಂದೆ ನಿಂತು ಹೆಸರು ಹೇಳಿದವಳಲ್ಲ ನಾನು. ಅತ್ತೆ ಎಲ್ಲ ಕೇಳಿಸಿಕೊಂಡು ಸುಮ್ಮನಿದ್ದರು. ಅವರು ಬೈದರೆ ತಡ್ಕೋಬಹುದು, ಸುಮ್ಮನಿದ್ದರೆ ಆಗಲ್ಲ.

ಸೆಪ್ಟೆಂಬರ್ 20, ಶುಕ್ರವಾರ

ಒಪ್ಪಿಕೊಂಡುಬಿಟ್ಟೆ. ಅತ್ತೆಗೋಸ್ಕರ ಅಲ್ಲ. ಆ ಭಾಷಣಪ್ಪ "ಮೈಕು ಈಗ ಹೊಲಿಗೆಯವರ ಕೈಗಾ" ಅಂದರಂತೆ. ಹೊಲಿಗೆಯವರ ಕೈಗೇ. ಏನೀಗ?

ಈಗ ನೋಡಿ ನನ್ನ ಅವಸ್ಥೆ. ಮೂರು ದಿನದಿಂದ ಅತ್ತೆ ನನಗೆ ಪಾಠ ಮಾಡ್ತಿದ್ದಾರೆ. ಕಿಟಕಿ ಹತ್ತಿರ ನಿಲ್ಲಿಸಿ ಬೀದಿಯನ್ನ ಹೇಳು ಅಂತಾರೆ.

"ಅಂಚೆಯವರು ಬರ್ತಿದ್ದಾರೆ."

"ಎಲ್ಲಿ ಅಂತ ಮೊದಲು. ಯಾರು ಅಂತ ಆಮೇಲೆ. ಏನು ಮಾಡ್ತಿದ್ದಾರೆ ಅಂತ ಕೊನೆಗೆ. ಮೊದಲು ನನ್ನ ತಲೇಲಿ ಜಾಗ ಬೀಳಬೇಕು, ಆಮೇಲೆ ಅಲ್ಲಿ ಮನುಷ್ಯನ್ನ ನಿಲ್ಲಿಸು."

"ಎದುರು ಮನೆ ಗೇಟಲ್ಲಿ, ಅಂಚೆಯವರು, ಚೀಲದಲ್ಲಿ ಕೈ ಹಾಕಿ ಹುಡುಕ್ತಿದ್ದಾರೆ."

"ಹಾಂ. ಈಗ ಕಾಣಿಸ್ತು."

ಹಾಗಂದಾಗ ನನಗೆ ಒಂಥರಾ ಆಯಿತು. ಬೇಗ ಮುಂದಕ್ಕೆ ಹೋದೆ.

ಉಸಿರು ಹಿಡಿಯೋದು ಹೇಗೆ, ಬಾಲು ಗೋಲಿಗೆ ಹತ್ತಿರ ಬಂದಾಗ ಮಾತು ಚಿಕ್ಕದು ಮಾಡೋದು ಹೇಗೆ, ಆಟ ನಿಂತಾಗ ಯಾರ ಮುಖ ಹೇಗಿದೆ ಅಂತ ಹೇಳೋದು ಹೇಗೆ, ಎಲ್ಲ ಹೇಳಿಕೊಟ್ಟರು. "ನಿನಗೆ ಬೇಜಾರಾದ್ರೆ ನನಗೆ ಹೇಳಬೇಡ, ನಾನು ಬೇಜಾರು ಮಾಡ್ಕೋಬೇಕೋ ಬೇಡವೋ ನಾನು ನೋಡ್ಕೋತೀನಿ. ನೀನು ಕಂಡಿದ್ದು ಹೇಳು" ಅಂದರು. ಟೀಚರ್ ಆಗಿದ್ದಾಗ ಮಕ್ಕಳು ಹೇಗೆ ಸಹಿಸಿಕೊಂಡಿದ್ದವೋ.

ಹೊಲಿಯೋ ಬಟ್ಟೆ ಹಾಗೇ ಬಿದ್ದಿದೆ.

ಸೆಪ್ಟೆಂಬರ್ 29, ಭಾನುವಾರ

ಬರೆಯೋಕೂ ನಾಚಿಕೆ.

ಮೊದಲರ್ಧ ಚೆನ್ನಾಗೇ ಹೋಯಿತು. ಬಾಯಿ ಓಡ್ತಿತ್ತು. ಮೇಜು ಅವರ ಸಾಲಿನ ತುದಿಯಲ್ಲೇ, ಹಾಗಾಗಿ ಹನ್ನೆರಡೂ ಜನ ಕಾಣ್ತಿದ್ದರು. ನಾನು ಬಲ ತೋಳು ಅಂದರೆ ಹನ್ನೆರಡು ಕೈ ಬಲ ತೋಳಿಗೆ. ಜೇಬು ಅಂದರೆ ಜೇಬಿಗೆ. ಜೇಬಿಲ್ಲದ ಇಬ್ಬರು ಹೆಂಗಸರು ಎದೆಯ ಮೇಲೆ ಅಂದಾಜು ಮಾಡಿಕೊಂಡಿದ್ದರು. ಅತ್ತೆಯ ಕೈ ಎಲ್ಲರಿಗಿಂತ ಮುಂದೆ ಓಡ್ತಿತ್ತು, ಬಾಲು ಎಲ್ಲಿಗೆ ಹೋಗಬೇಕು ಅಂತ ಅವರಿಗೆ ಮೊದಲೇ ಗೊತ್ತು.

ವಿರಾಮ ಆದ ಮೇಲೆ ತಂಡಗಳು ಕಡೆ ಬದಲಾಯಿಸ್ತಾವೆ. ನನಗೆ ಗೊತ್ತಿತ್ತು. ಅತ್ತೆಯೂ ಹೇಳಿದ್ದರು. ಆದರೆ ನಲವತ್ತೈದು ನಿಮಿಷ ಬಲಗಡೆಯ ಗೋಲನ್ನ ಕಾಲರು, ಕಾಲರು ಅಂತ ಹೇಳಿ ನಾಲಿಗೆಗೆ ಅಂಟಿಕೊಂಡಿತ್ತು. ಎರಡನೇ ಅರ್ಧ ಶುರುವಾಗಿ ಎರಡು ನಿಮಿಷ ಆಗಿರಲಿಲ್ಲ. ಅದೇ ಬಲಗಡೆ ಹತ್ತಾರು ಜನ ಗುಂಪಾದರು, ಯಾವ ಕಾಲು ಯಾರದು ಅಂತ ತಿಳಿಯಲಿಲ್ಲ, ಬಾಲು ಒಳಗೆ ಹೋಯಿತು. "ಕಾಲರಿನ ಒಳಗೆ, ಗೋಲು" ಅಂದೆ.

ಹನ್ನೆರಡೂ ಜನ ಎದ್ದು ನಿಂತು ಕುಣಿದರು. ಆಪರೇಟರು ಪಕ್ಕದವರನ್ನ ತಬ್ಬಿಕೊಂಡರು. ಅತ್ತೆ ಎರಡೂ ಕೈ ಮೇಲೆತ್ತಿದ್ದರು.

ಮೈದಾನ ಪೂರ್ತಿ ಮಸಣದ ಹಾಗೆ. ಗೋಲು ಹೊಡೆಸಿಕೊಂಡವರು ನಾವು.

ಹಿಂದಿನ ಸಾಲಿನವನೊಬ್ಬ "ಯಾರ ಕಡೆಯವರ್ರೀ ನೀವು" ಅಂತ ಬೈದ. ಇನ್ನಿಬ್ಬರು ನಕ್ಕರು. ಆ ನಗು ಕೇಳಿ ನನ್ನ ಸಾಲಿನವರು ಒಬ್ಬೊಬ್ಬರಾಗಿ ಕೈ ಇಳಿಸಿದರು, ಸೀಟು ತಡಕಿ ಕೂತರು. ಆಪರೇಟರು "ಏನಾಯ್ತು ತಾಯಿ" ಅಂತ ನನ್ನ ಕಡೆ ತಿರುಗಿ ಕೇಳಿದರು. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡ್ತಿದ್ದೆ. ತಪ್ಪಾಯ್ತು, ನಮ್ಮ ಗೋಲಿಗೆ ಬಿತ್ತು ಅಂತ ಮೈಕಿನಲ್ಲೇ ಹೇಳಿದೆ. ಆಮೇಲೆ ಕೊನೆ ತನಕ ಹೇಗೋ ಹೇಳಿ ಮುಗಿಸಿದೆ.

ಬಸ್ಸಿನಲ್ಲಿ ಅತ್ತೆ ಮುಖ ಕಿಟಕಿ ಕಡೆ ತಿರುಗಿಸಿ ಕೂತಿದ್ದರು. ಅವರನ್ನ ನಾಲ್ಕು ಜನ ನಗೋ ಹಾಗೆ ಮಾಡಿದೆ. ಐದು ತಿಂಗಳ ಮೇಲೆ ಹೊರಗೆ ಬಂದಿದ್ದವರು. ಇನ್ನು ಆ ಕುರ್ಚಿ ಬಿಟ್ಟು ಏಳಲ್ಲ, ನನಗೆ ಗೊತ್ತು.

ಸೆಪ್ಟೆಂಬರ್ 30, ಸೋಮವಾರ

ಕಾರ್ಯದರ್ಶಿ ಬೆಳಿಗ್ಗೆಯೇ ಬಂದರು. ಕುರ್ಚಿಯ ತುದಿ. ಸಮಿತಿಯ ಅಧ್ಯಕ್ಷರಿಗೆ ದೂರು ಹೋಗಿದೆಯಂತೆ. ಮುಂದಿನ ಎರಡು ಮ್ಯಾಚಿಗೆ ಹಳೆಯವರನ್ನೇ ಕರೆಯೋಣ ಅಂದಿದ್ದಾರಂತೆ. ಬಹಳ ಸಂಕೋಚದಿಂದ ಹೇಳಿದರು. ನಾನು ಸರಿ ಅಂದೆ. ಒಳಗೊಳಗೆ ಅಳು ಬರ್ತಿತ್ತು, ಯಾಕೋ.

"ನಿಲ್ಲು" ಅಂದರು ಅತ್ತೆ. "ನಿನ್ನ ಅಧ್ಯಕ್ಷರಿಗೆ ಹೋಗಿ ಹೇಳು. ಆ ಭಾಷಣಪ್ಪ ಮಾತಾಡುವಾಗ ನಮಗೆ ತಪ್ಪು ತಿಳ್ಕೊಳ್ಳೋಕೂ ಆಗ್ತಿರಲಿಲ್ಲ. ಇವಳು ಎಷ್ಟು ಸ್ಪಷ್ಟವಾಗಿ ಹೇಳಿದ್ಲು ಅಂದ್ರೆ ಹನ್ನೆರಡು ಜನ ಒಂದೇ ಸಲ ತಪ್ಪಾಗಿ ಎದ್ದು ನಿಂತ್ವಿ. ಐದು ತಿಂಗಳಲ್ಲಿ ನಾನು ಕುಣಿದಿದ್ದು ಅದೊಂದೇ ಸಲ. ಯಾರ ಗೋಲಾದ್ರೇನು."

ಕಾರ್ಯದರ್ಶಿಗೆ ನಗು ತಡೆಯಲಾಗಲಿಲ್ಲ.

"ನಗಬೇಡ. ಇವಳೇ ಹೇಳ್ತಾಳೆ. ಇಲ್ಲದಿದ್ರೆ ಹನ್ನೆರಡು ಸೀಟೂ ಖಾಲಿ ಇರುತ್ತೆ, ನಾನು ಒಬ್ಬೊಬ್ಬರಿಗೂ ಫೋನ್ ಮಾಡ್ತೀನಿ."

ಅವರು ಹೋದ ಮೇಲೆ ನನ್ನ ಕಡೆ ತಿರುಗಿ "ಇನ್ನೊಂದು ಸಲ ಹಾಗೆ ಮಾಡಿದ್ರೆ ನೋಡು" ಅಂದರು.

ಮಧ್ಯಾಹ್ನ ಬಟ್ಟೆ ಕತ್ತರಿಸ್ತಿದ್ದಾಗ ಹೊಳೆಯಿತು. ಕತ್ತರಿ ಹಾಕೋ ಮುಂಚೆ ಯಾವ ಕಡೆ ಮೇಲು, ಯಾವ ಕಡೆ ಕೆಳಗು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕದೆ ನಾನು ಒಂದು ತುಂಡೂ ಕತ್ತರಿಸಲ್ಲ. ಮೈದಾನಕ್ಕೆ ಮಾತ್ರ ಯಾಕೆ ಹಾಕಲಿಲ್ಲ? ಉಳಿದ ಚೂರುಗಳಲ್ಲಿ ಎರಡು ಅಂಗೈ ಅಗಲದ ಅಂಗಿ ಹೊಲಿದೆ. ಕಾಲರು, ಜೇಬು, ಐದು ಗುಂಡಿ. ಮೈಕಿನ ಮುಂದೆ ಮೇಜಿನ ಮೇಲೆ ಮಲಗಿಸಿಡೋಕೆ. ಕಡೆ ಬದಲಾದಾಗ ಅಂಗಿ ತಿರುಗಿಸಿದರೆ ಆಯಿತು, ಕಾಲರು ಯಾವ ಕಡೆಗಿದೆಯೋ ನಾವು ಹೊಡೀಬೇಕಾಗಿರೋದು ಆ ಕಡೆಗೆ. ಅತ್ತೆ ಅದನ್ನ ಕೈಯಲ್ಲಿ ತಿರುಗಿಸಿ ತಿರುಗಿಸಿ ಮುಟ್ಟಿ ನೋಡಿದರು. ಜೇಬಿನೊಳಗೆ ಬೆರಳು ಹಾಕಿದರು. "ಕಾಜ ನೆಟ್ಟಗೆ ಬಂದಿಲ್ಲ" ಅಂದರು.

ಬಂದಿದೆ. ಟೇಪು ಹಿಡಿದು ನೋಡಿದೆ, ಬಂದಿದೆ.

ಅಕ್ಟೋಬರ್ 13, ಭಾನುವಾರ

ಮೂರನೇ ಮ್ಯಾಚು. ಒಂದೂ ಗೋಲಿಲ್ಲ, ಒಂದೂ ತಪ್ಪಿಲ್ಲ. ವಿರಾಮದಲ್ಲಿ ಅಂಗಿ ತಿರುಗಿಸಿದ್ದನ್ನ ಮೈಕಿನಲ್ಲೂ ಹೇಳಿದೆ, "ತಿರುಗಿಸಿದ್ದೀನಿ" ಅಂತ. ಹನ್ನೆರಡೂ ಜನ ಚಪ್ಪಾಳೆ ತಟ್ಟಿದರು. ಗೇಲಿಯೋ, ಮೆಚ್ಚಿಗೆಯೋ ಗೊತ್ತಾಗಲಿಲ್ಲ.

ಇಬ್ಬರು ಹೊಸಬರು ಬಂದಿದ್ದರು, ಸೀಟಿಲ್ಲದೆ ಮೆಟ್ಟಿಲ ಮೇಲೆ ಕೂತರು. ಆಪರೇಟರು ತಮ್ಮ ಕಚೇರಿಯಲ್ಲಿ ಕರೆ ಜೋಡಿಸುವಾಗ ಎಲ್ಲರಿಗೂ ಈ ವಿಷಯ ಹೇಳ್ತಾರಂತೆ. ಒಬ್ಬ ಸಾಹೇಬರಿಗೆ ಲೈನು ಕೊಡೋ ಮುಂಚೆ ಆಫ್‌ಸೈಡ್ ಅಂದರೆ ಏನು ಅಂತ ವಿವರಿಸಿ ಬೈಸಿಕೊಂಡಿದ್ದಾರೆ.

ಏಳನೇ ನಂಬರಿನವನಿಗೆ ಎಡಗಾಲು ನೋವಿದೆ, ಮುಚ್ಚಿಡ್ತಿದ್ದಾನೆ. ಕೋಚಿಗೆ ಕಾಣಲ್ವಾ?

ಬರುವಾಗ ಬಸ್ಸಿಳಿದ ಮೇಲೆ ಅತ್ತೆ ಇವತ್ತು ತಾವೇ ಚೀಲದಿಂದ ತೆಗೆದ ಕೋಲಿನಲ್ಲಿ ನೆಲ ತಟ್ಟಿಕೊಂಡು ನನಗಿಂತ ಮುಂದೆ ಹೋದರು. ನಾನು ಹಿಂದಿನಿಂದ ಹೇಳ್ತಾ ಬಂದೆ. ಮೂರು ಹೆಜ್ಜೆಗೆ ಗುಂಡಿ, ಎಡಕ್ಕೆ ಸರೀರಿ. "ಸಾಕು, ನನಗೆ ಕೋಲು ಹೇಳುತ್ತೆ, ನೀನು ಗಂಟಲು ಉಳಿಸ್ಕೋ" ಅಂದರು.

ಅಕ್ಟೋಬರ್ 22, ಮಂಗಳವಾರ

ಇವರು ಊಟಕ್ಕೆ ಕೂತಿದ್ದಾಗ "ಬಲ ತೋಳಿನ ಹತ್ತಿರ ಉಪ್ಪು, ಕಾಲರಿನ ಹತ್ತಿರ ನೀರು, ಬಿಸಿ ಇದೆ" ಅಂದೆನಂತೆ. ಇವರು ತಟ್ಟೆ ನೋಡಿದರು, ನನ್ನ ನೋಡಿದರು. "ನನಗೆ ಕಣ್ಣು ಕಾಣುತ್ತೆ ಕಣೆ" ಅಂದರು. ಅತ್ತೆ ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿಸಬೇಕಾಯಿತು.

ನಾಲ್ಕನೆಯ ಮ್ಯಾಚು ಭಾನುವಾರ. ಅಧ್ಯಕ್ಷರೇ ಬಂದು ನೋಡ್ತಾರಂತೆ. ಅವರಿಗೆ ಮೊದಲಿನಿಂದಲೂ ಇದು ಬೇಕಿರಲಿಲ್ಲ, ಕಣ್ಣಿಲ್ಲದವರಿಗೆ ಮೈದಾನ ಯಾಕೆ, ಮನೇಲೇ ಕೇಳಬಹುದಲ್ಲ ಅಂದಿದ್ದಾರೆ. ಬೇಡ ಅಂದುಬಿಟ್ಟರೆ ಪೆಟ್ಟಿಗೆ ರೇಡಿಯೋದವರಿಗೆ ವಾಪಸ್. ನಾವು ಮತ್ತೆ ಮಹಡಿ ಮನೆಯವರ ಕುರ್ಚಿ ಸದ್ದು ಕೇಳಿಕೊಂಡು ಕೂರೋದು.

ನನಗೆ ಅದು ಆಗಲ್ಲ. ಅತ್ತೆಗೂ ಆಗಲ್ಲ.

ಅಕ್ಟೋಬರ್ 26, ಶನಿವಾರ

ಹೊಲಿಯೋಕೆ ಕೂತೆ. ಒಂದು ತೋಳನ್ನ ತಿರುವುಮುರುವಾಗಿ ಜೋಡಿಸಿ ಬಿಚ್ಚಿದೆ. "ಹೆದರಿಕೆಯಾ?" ಅಂದರು ಅತ್ತೆ. ಹೌದು ಅಂದೆ. "ನನಗೂ" ಅಂದರು. ಇಷ್ಟು ವರ್ಷದಲ್ಲಿ ಈ ಮಾತು ಅವರ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಎದ್ದು ಹೋಗಿ ಇಬ್ಬರಿಗೂ ಚಹಾ ಮಾಡಿದೆ.

ಅಕ್ಟೋಬರ್ 27, ಭಾನುವಾರ

ಮುಂದಿನ ವರ್ಷವೂ ಇರುತ್ತೆ. ಮೊದಲು ಅದನ್ನ ಬರೆದುಬಿಡ್ತೀನಿ, ಇಲ್ಲದಿದ್ದರೆ ನೆಟ್ಟಗೆ ಬರೆಯೋಕಾಗಲ್ಲ. ಹನ್ನೆರಡಲ್ಲ, ಮೂವತ್ತು ಸೀಟು. ಕಾರ್ಯದರ್ಶಿ ಗೇಟಿನ ಹತ್ತಿರ ಓಡಿಬಂದು ಹೇಳಿದರು, ಅವರ ಬೋಳುತಲೆ ಬೆವರಿಗೆ ಹೊಳೀತಿತ್ತು.

ಈಗ ಆಗಿದ್ದು.

ಅಧ್ಯಕ್ಷರು ನಮ್ಮ ಸಾಲಿನ ಸರಿಯಾಗಿ ಹಿಂದೆ ಕೂತಿದ್ದರು. ಎಪ್ಪತ್ತರ ಮನುಷ್ಯ, ಕುಳ್ಳ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಡಿಲಲ್ಲಿ ಟೋಪಿ. ಕಾರ್ಯದರ್ಶಿ ಕೊಟ್ಟ ಕಿವಿಯ ಸಾಧನವನ್ನ ಬೇಡ ಅಂತ ವಾಪಸ್ ಕೊಟ್ಟರು. ನನಗೆ ಕಾಣುತ್ತಲ್ಲ ಅಂದರು.

ಮ್ಯಾಚು ಒಂದಕ್ಕೊಂದು ಸಮವಾಗಿ ನಿಂತಿತ್ತು. ನಾನು ವಿರಾಮದಲ್ಲಿ ಅಂಗಿ ತಿರುಗಿಸಿದೆ, ತಿರುಗಿಸಿದ್ದೀನಿ ಅಂತ ಹೇಳಿದೆ. ಕೊನೆಗೆ ನಾಲ್ಕು ನಿಮಿಷ ಉಳಿದಿತ್ತು. ಆಗ ನಮ್ಮ ಗೋಲಿ, ಗೋಲು ಕಾಯೋನು, ಬಾಲು ಹಿಡಿದ.

ಕೆಳ ಅಂಚಿನಲ್ಲಿ, ಗೋಲಿ, ಎಸೆದ. ಬಲ ತೋಳಿನಲ್ಲಿ, ಏಳು, ಓಡ್ತಿದ್ದಾನೆ. ಮೊಣಕೈ ದಾಟಿದ. ಬಲ ಭುಜ, ಏಳು, ಒಬ್ಬನನ್ನ ಏಮಾರಿಸಿದ. ನನ್ನ ಕಣ್ಣು ಅವನನ್ನ ಬಿಟ್ಟು ಆ ಕಡೆಗೆ ಹೋಯಿತು. ಈ ಒಂದೂವರೆ ತಿಂಗಳಲ್ಲಿ ಕಲಿತದ್ದು ಅದೇ, ಬಾಲು ಇರೋ ಕಡೆ ಮಾತ್ರ ನೋಡಬಾರದು. "ಜೇಬಿನ ಹತ್ತಿರ ಒಂಬತ್ತು, ಒಬ್ಬನೇ ಇದ್ದಾನೆ" ಅಂದೆ. "ಸುತ್ತ ಯಾರೂ ಇಲ್ಲ."

ಅಷ್ಟಕ್ಕೇ ಹನ್ನೆರಡೂ ಜನ ಎದ್ದು ನಿಂತರು. ಏಳು ಇನ್ನೂ ಬಾಲು ಕೊಟ್ಟೇ ಇರಲಿಲ್ಲ. ಹಿಂದಿನವರು ಎಲ್ಲರೂ ಏಳನ್ನೇ ನೋಡ್ತಾ ಕೂತಿದ್ದರು. ಇಡೀ ಮೈದಾನದಲ್ಲಿ ಆ ಕ್ಷಣಕ್ಕೆ ಎದ್ದು ನಿಂತಿದ್ದದ್ದು ನನ್ನ ಹನ್ನೆರಡು ಜನ ಮಾತ್ರ.

ಬಾಲು ಬಂತು, ತಲೆಗೆ ತಗುಲಿತು, ಕಾಲರಿನ ಒಳಗೆ ಬಿತ್ತು. ಆಮೇಲೆ ಊರು ಎದ್ದಿತು.

ಆ ಗದ್ದಲದಲ್ಲಿ ನನ್ನ ಹತ್ತಿರವೇ ಒಂದು ದನಿ ಬೇಡಿಕೊಳ್ತಿತ್ತು. "ಕೂತ್ಕೊಳ್ರೀ. ಕೂತ್ಕೊಳ್ರೀ ಸ್ವಲ್ಪ. ಕಾಣಿಸ್ತಿಲ್ಲ. ಏನಾಯ್ತು? ಯಾರು ಹೊಡೆದದ್ದು?" ಅಧ್ಯಕ್ಷರು. ಮುಂದೆ ನಮ್ಮ ಹನ್ನೆರಡು ಬೆನ್ನು, ಪಕ್ಕದಲ್ಲೆಲ್ಲ ಎದ್ದು ನಿಂತ ಜನ. ಅವರು ಕತ್ತು ಆ ಕಡೆ ಈ ಕಡೆ ಚಾಚಿ ಒದ್ದಾಡ್ತಿದ್ದರು.

ಅತ್ತೆ ತಿರುಗಿದರು. ಕೂರಲಿಲ್ಲ.

"ಕಾಣಿಸದಿದ್ರೆ ಏನಂತೆ" ಅಂದರು. "ಕೇಳಿ, ನಾನು ಹೇಳ್ತೀನಿ. ಕೈ ಅಂಗಿಯ ಕೆಳ ಅಂಚಿನ ಮೇಲೆ ಇಡಿ."

ಅಧ್ಯಕ್ಷರು ಇಟ್ಟರು. ಅತ್ತೆಗೆ ಅದು ಕಾಣಲಿಲ್ಲ, ಆದರೆ ಇಟ್ಟಿರ್ತಾರೆ ಅಂತ ಅವರಿಗೆ ಅನುಮಾನವೇ ಇರಲಿಲ್ಲ, ಮೂವತ್ತೊಂದು ವರ್ಷ ಟೀಚರ್ ಆಗಿದ್ದವರು.

"ಅಲ್ಲಿಂದ ನಮ್ಮ ಗೋಲಿ ಎಸೆದ. ಬಲ ತೋಳಿನಲ್ಲಿ ಏಳನೇ ನಂಬರು, ಭುಜದ ತನಕ ಒಂದೇ ಓಟ, ಒಬ್ಬನ್ನ ಏಮಾರಿಸಿ. ಅಲ್ಲಿಂದ ಅಡ್ಡಕ್ಕೆ ಜೇಬಿಗೆ. ಜೇಬಲ್ಲಿ ಒಂಬತ್ತು, ಅವನ ಹತ್ತಿರ ಒಂದು ನರಪಿಳ್ಳೆಯೂ ಇಲ್ಲ. ತಲೆಯಲ್ಲಿ ಕೊಟ್ಟ. ಕಾಲರು."

ಇಸ್ತ್ರಿ ಮಾಡಿದ ಅಂಗಿಯ ಮೇಲೆ ಮುದುಕರ ಕೈ ತೋಳಿಗೆ ಹೋಯಿತು, ಭುಜಕ್ಕೆ ಹೋಯಿತು, ಜೇಬಿನ ಮೇಲೆ ಒಂದು ಗಳಿಗೆ ನಿಂತು ಕಾಲರಿಗೆ ಬಂತು. "ಹೌದಾ" ಅಂದರು. "ನನಗೆ ಏಳು ಓಡಿದ್ದಷ್ಟೇ ಕಂಡಿತ್ತು."

ನಾನು ಮೈಕಿಗೆ ಬಾಯಿ ಹಾಕಬೇಕು ಅಂತಿದ್ದೆ, ಸುಮ್ಮನಾದೆ. ಅತ್ತೆ ಹೇಳಿದ್ದರಲ್ಲಿ ತಿದ್ದೋಕೆ ಏನೂ ಇರಲಿಲ್ಲ.